ಮೋಲಿಯೇರನೂ ನಗದೆಹೋದ ವಿದ್ಯಾರ್ಥಿಯೂ

ಪ್ರಹಸನವನ್ನು ಓದಿದವನು ನಗಬೇಕೆಂಬುದು ಲೋಕದ ನಿರೀಕ್ಷೆ. ನಗದಿದ್ದರೆ ಕವಿಯು ಸೋತನೆಂದೋ ಓದಿದವನು ಅರಸಿಕನೆಂದೋ ಎರಡರಲ್ಲೊಂದು ತೀರ್ಪು ಸಿದ್ಧವಾಗಿಯೇ ಇರುತ್ತದೆ. ಈ ಎರಡು ತೀರ್ಪುಗಳಿಗೂ ಒಳಪಡದ ಪ್ರಸಂಗವೊಂದು ಫ್ರೆಂಚ್ ಸಾಹಿತ್ಯದ ಚರಿತ್ರೆಯಲ್ಲಿ ಉಂಟು. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ, ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಗ್ರೆನೋಬ್ಲ್ ಎಂಬ ನಗರದ ಬಾಲಕನೊಬ್ಬನು ಮೋಲಿಯೇರನ ನಾಟಕಗಳ ಪುಸ್ತಕವನ್ನು ಕೈಗೆ ತೆಗೆದುಕೊಂಡನು. ಅದರೊಳಗಿನ ಚಿತ್ರಗಳು ಅವನಿಗೆ ಹಾಸ್ಯಾಸ್ಪದವಾಗಿ ತೋರಿದುವು. 'ಲೋಭಿ' ಎಂಬ ಒಂದು ನಾಟಕವನ್ನು ಮಾತ್ರ ಓದಿದನು, ಓದಿ, ನಗಲಿಲ್ಲ, ಜುಗುಪ್ಸೆಪಟ್ಟು ಪುಸ್ತಕವನ್ನು ಮುಚ್ಚಿಟ್ಟನು. ಬಾಲಕನ ಹೆಸರು ಆನ್ರಿ ಬೇಲ್. ಮುಂದೆ ಸ್ತಾಂಧಾಲ್ ಎಂಬ ಕಾವ್ಯನಾಮದಿಂದ 'ಕೆಂಪು ಮತ್ತು ಕಪ್ಪು' ಎಂಬ ಕಾದಂಬರಿಯನ್ನು ಬರೆದು ಜಗತ್ಪ್ರಸಿದ್ಧನಾದವನು ಇವನೇ.

ಹಾಗೆಂದು ಬಾಲಕನು ನಗುವನ್ನೇ ಅರಿಯದ ಮಂಕನಾಗಿರಲಿಲ್ಲ. ಗ್ರೆನೋಬ್ಲಿನ ಹೊರಗೆ ಕ್ಲೇ ಎಂಬ ಗ್ರಾಮದಲ್ಲಿ ತಂದೆಗೆ ಜಮೀನೂ ಮನೆಯೂ ಇದ್ದುವು. ಅಲ್ಲಿಯ ಪುಸ್ತಕಗಳ ನಡುವೆ 'ಡಾನ್ ಕ್ವಿಕ್ಸಾಟ್' ಸಿಕ್ಕಿದಾಗ, ಸಾಲುಮರಗಳಲ್ಲಿ ಎರಡನೆಯದರ ಕೆಳಗೆ ಕುಳಿತು ಅದನ್ನು ಓದುತ್ತ ಹೊಟ್ಟೆ ಹುಣ್ಣಾಗುವಂತೆ ನಕ್ಕನು. ತಂದೆಯು ಆ ನಗುವನ್ನು ಕೇಳಿ ಬಂದು ಗದರಿಸಿ, ಪುಸ್ತಕವನ್ನು ಕಸಿದುಕೊಳ್ಳುವೆನೆಂದು ಹೆದರಿಸಿದನು. ಆ ಪುಸ್ತಕ ದೊರೆತ ದಿನವು ತನ್ನ ಜೀವಿತದ ಮಹಾದಿನಗಳಲ್ಲಿ ಒಂದೆಂದು ಮುಪ್ಪಿನ ಹೊಸ್ತಿಲಲ್ಲಿ ಅವನು ಬರೆದುಕೊಂಡಿದ್ದಾನೆ. ಸ್ಪೇನಿನ ಕವಿಯು ನಗಿಸಿದವನನ್ನು ಸ್ವದೇಶದ ಹಾಸ್ಯಕವಿಸಾರ್ವಭೌಮನು ನಗಿಸಲಾರದೆ ಹೋದುದೇಕೆ?

ಇದಕ್ಕೆ ಉತ್ತರ ಹುಡುಕುವವರು ಮೊದಲು ನಾಟಕವನ್ನೂ ಆಮೇಲೆ ಆ ಬಾಲಕನ ಮನೆಯನ್ನೂ ನೋಡಬೇಕು.

'ಲೋಭಿ'ಯು ಪ್ಯಾರಿಸಿನಲ್ಲಿ ಮೊದಲು ಆಡಲ್ಪಟ್ಟದ್ದು ಕ್ರಿ. ಶ. ೧೬೬೮ರ ಸೆಪ್ಟೆಂಬರಿನಲ್ಲಿ. ಅದರ ಬೀಜವು ಲ್ಯಾಟಿನ್ ಕವಿಯಾದ ಪ್ಲಾಟಸನ ನಾಟಕವೊಂದರಲ್ಲಿದ್ದರೂ, ಮರವು ಸಂಪೂರ್ಣವಾಗಿ ಮೋಲಿಯೇರನದೇ. ಆರ್ಪಗೋನ್ ಎಂಬ ವೃದ್ಧ ಧನಿಕನು ತೋಟದಲ್ಲಿ ಹಣದ ಪೆಟ್ಟಿಗೆಯನ್ನು ಹೂತಿಟ್ಟು ಹಗಲಿರುಳು ಅದರ ಧ್ಯಾನದಲ್ಲಿರುತ್ತಾನೆ. ಮಗಳನ್ನು ಒಬ್ಬ ಮುದುಕನಿಗೆ ಕೊಡಲು ನಿಶ್ಚಯಿಸುತ್ತಾನೆ; ಯಾರು ಯಾವ ಆಕ್ಷೇಪಣೆಯನ್ನು ಎತ್ತಿದರೂ, ವರನು ವರದಕ್ಷಿಣೆಯನ್ನು ಕೇಳುವುದಿಲ್ಲವೆಂಬ ಒಂದೇ ಮಾತಿನಿಂದ ಬಾಯಿ ಮುಚ್ಚಿಸುತ್ತಾನೆ. ಹಣದ ಮುಗ್ಗಟ್ಟಿಗೆ ಸಿಕ್ಕಿದ ಮಗನು ದಳ್ಳಾಳಿಯ ಮೂಲಕ ದುಬಾರಿ ಬಡ್ಡಿಗೆ ಸಾಲ ಹುಡುಕುತ್ತಾನೆ. ಸಾಲದ ಒಂದು ಭಾಗವನ್ನು ನಗದಿನ ಬದಲು ಹಳೆಯ ಮಂಚ, ಹರಕು ಜಮಖಾನ, ಹುಲ್ಲು ತುಂಬಿದ ಉಡದ ಚರ್ಮ ಮುಂತಾದ ಮೂಲೆಯ ಸಾಮಾನುಗಳ ರೂಪದಲ್ಲಿ ತೆಗೆದುಕೊಳ್ಳಬೇಕೆಂಬ ಷರತ್ತನ್ನು ಕೇಳಿ ಬೆರಗಾಗುತ್ತಾನೆ. ಕೊನೆಗೆ ಆ ಬಡ್ಡಿಕೋರನು ಎದುರಿಗೆ ಬಂದು ನಿಂತಾಗ ನೋಡಿದರೆ ತಂದೆಯೇ! ರಂಗಮಂದಿರವು ಬಿರಿಯುವಂತೆ ಜನರು ನಗುವ ಸ್ಥಳ ಇದು. ಮುಂದೆ ತಂದೆಯು ಮಗನನ್ನು ಶಪಿಸುತ್ತಾನೆ. ಮಗನು ಆ ದಾನ ತನಗೆ ಬೇಡವೆಂದು ಎದುರುತ್ತರ ಕೊಡುತ್ತಾನೆ. ಈ ಎದುರುತ್ತರಕ್ಕಾಗಿಯೇ ರೂಸೋ ಎಂಬ ತತ್ತ್ವಜ್ಞನು ೧೭೫೮ರಲ್ಲಿ ಮೋಲಿಯೇರನನ್ನು ಕಟುವಾಗಿ ಖಂಡಿಸಿದನು. ಲೋಭವು ದೋಷವಾದರೂ, ಪಿತೃನಿಂದೆಯನ್ನು ಕೇಳಿ ಸಭಿಕರು ನಗುವಂತೆ ಮಾಡುವುದು ಅದಕ್ಕಿಂತ ದೊಡ್ಡ ದೋಷವಲ್ಲವೆ ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಮಗನನ್ನು ಹಾಗೆ ಮಾಡಿದವನು ತಂದೆಯೇ ಎಂಬುದನ್ನು ರೂಸೋ ಸಾಕಷ್ಟು ಎಣಿಕೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಇನ್ನು ಗ್ರೆನೋಬ್ಲಿನ ಮನೆ. ಆನ್ರಿಯು ಹುಟ್ಟಿದ್ದು ೧೭೮೩ರ ಜನವರಿ ೨೩ರಂದು. ೧೭೯೦ರಲ್ಲಿ, ಅವನಿಗೆ ಏಳು ವರ್ಷ ತುಂಬಿದ್ದಾಗ, ತಾಯಿ ತೀರಿಕೊಂಡಳು. ಆಕೆ ಇಟಾಲಿಯನ್ ಭಾಷೆಯಲ್ಲಿಯೇ ದಾಂತೆಯನ್ನು ಓದುತ್ತಿದ್ದ ಸಂಸ್ಕಾರವತಿ. ತಂದೆಯು ವಕೀಲ, ಮಗನ ಕಣ್ಣಿಗೆ ಜಮೀನಿನ ಕ್ರಯವಿಕ್ರಯಗಳ ಹೊರತು ಬೇರೊಂದನ್ನು ಆಲೋಚಿಸದ ಶುಷ್ಕಹೃದಯ. ತಾಯಿಯ ತಂಗಿ ಸೆರಾಫಿ ಎಂಬವಳು ಮನೆಯ ಆಡಳಿತವನ್ನು ಹಿಡಿದಳು. ಆಕೆಯ ದೈವಭಕ್ತಿ ಎಷ್ಟು ದೊಡ್ಡದೋ ನಾಲಗೆ ಅಷ್ಟೇ ಹರಿತವಾಗಿತ್ತು. ಬಾಲಕನು ಬೀದಿಯ ಹುಡುಗರೊಡನೆ ಆಡಕೂಡದು. ಒಳ್ಳೆಯ ಕುಲದವನು ಸಾಮಾನ್ಯರೊಡನೆ ಬೆರೆಯಕೂಡದು. ಇದ್ದುದರಲ್ಲಿ ಅವನಿಗೆ ತಂಪಾದ ನೆರಳೆಂದರೆ ತಾಯಿಯ ತಂದೆ, ವೈದ್ಯನಾದ ಗಾನ್ಯೋಂ. ವೋಲ್ತೇರನ ಅಭಿಮಾನಿ, ಬಹುಶ್ರುತ. ಆದರೆ ಸೌಮ್ಯಸ್ವಭಾವದ ಆ ವೃದ್ಧನಿಗೆ ಮಗಳನ್ನು ಎದುರಿಸಿ ನಿಲ್ಲುವ ಕೆಚ್ಚು ಇರಲಿಲ್ಲ.

೧೭೯೨ರ ಕೊನೆಯಲ್ಲಿ ಮನೆಪಾಠಕ್ಕೆ ರೈಯಾನ್ ಎಂಬ ಪಾದ್ರಿಯು ಬಂದನು. ಈತನು ಬಾಲಕನ ಮಂಚದ ಬಳಿಯಲ್ಲಿಯೇ ಹತ್ತಾರು ಪಕ್ಷಿಗಳನ್ನು ಪಂಜರದಲ್ಲಿ ಸಾಕಿದನು. ಅವುಗಳ ಗಲಭೆಗೆ ಬೆಳಗಿನ ನಿದ್ರೆ ಹಾರಿಹೋಗುತ್ತಿತ್ತು, ವಾಸನೆಯಂತೂ ಸರಿಯೇ ಸರಿ. ಇವನು ಖಗೋಲಶಾಸ್ತ್ರವನ್ನು ಕಲಿಸುತ್ತಿದ್ದ ಬಗೆಯೊಂದನ್ನು ಹೇಳಿದರೆ ಸಾಕು. ಭೂಮಿಯು ಸ್ಥಿರವೆಂದೂ ಸೂರ್ಯನೇ ಸುತ್ತುವನೆಂದೂ ಹೇಳುವ ಟಾಲೆಮಿಯ ಮತವನ್ನು ಅವನು ಪಾಠ ಮಾಡುತ್ತಿದ್ದನು. ಸುಳ್ಳೆಂದು ತಿಳಿದೂ ಮಗುವಿಗೆ ಇದನ್ನು ಏಕೆ ಕಲಿಸುವಿರೆಂದು ಅಜ್ಜನು ಕೇಳಿದಾಗ, ಆ ಮತವು ಎಲ್ಲವನ್ನೂ ವಿವರಿಸುತ್ತದೆ, ಮೇಲಾಗಿ ಚರ್ಚಿನ ಅಂಗೀಕಾರ ಅದಕ್ಕಿದೆ ಎಂದು ಪಾದ್ರಿಯು ನಿರ್ವಿಕಾರನಾಗಿ ಉತ್ತರಿಸಿದನು. ಅಜ್ಜನು ಆ ಮಾತನ್ನು ಸ್ನೇಹಿತರಿಗೆ ಹೇಳಿ ನಗುತ್ತಿದ್ದನು. ಬಾಲಕನು ನಗಲಿಲ್ಲ. ಅಜ್ಜನಿಗೆ ಅದು ಚತುರೋಕ್ತಿ. ಮೊಮ್ಮಗನಿಗೆ ನಿತ್ಯದ ಪಾಠ.

ನಗುವವನಿಗೂ ನಗದವನಿಗೂ ಇರುವ ಅಂತರವೆಲ್ಲ ಇಲ್ಲಿದೆ. ಭಾರತೀಯ ಆಲಂಕಾರಿಕರು ಈ ವಿಷಯವನ್ನು ಬಹು ಹಿಂದೆಯೇ ಶೋಧಿಸಿದ್ದಾರೆ. ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಪ್ರತೀತಿಗೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ಕಂಡದ್ದನ್ನು ಇದು ತನ್ನದೆಂದೋ ಇದು ಇಂಥ ಪರನದೆಂದೋ ದೇಶಕಾಲಗಳ ಕಟ್ಟಿನಲ್ಲಿ ಹಿಡಿಯುವುದು ಅವುಗಳಲ್ಲಿ ಒಂದು. ತನ್ನ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದು ಇನ್ನೊಂದು. ಈ ಎರಡನೆಯ ವಿಘ್ನದ ಪರಿಹಾರಕ್ಕಾಗಿಯೇ ವಾದ್ಯ, ಗಾನ, ವಿಚಿತ್ರವಾದ ಮಂಟಪ, ನಿಪುಣರಾದ ನಟಿಯರು ಎಂಬ ಸಾಮಗ್ರಿಯೆಲ್ಲ ರಂಗದಲ್ಲಿ ಏರ್ಪಟ್ಟಿದೆಯೆಂದು ಅವನ ಅಭಿಪ್ರಾಯ. ನಾಟಕಶಾಲೆಗೆ ಬಂದವನು ಮನೆಯ ಚಿಂತೆಯನ್ನು ಬಾಗಿಲಲ್ಲಿ ಬಿಟ್ಟುಬರುವಂತೆ ಇವು ಮಾಡುತ್ತವೆ. ಏಕಾಂತದಲ್ಲಿ ಪುಸ್ತಕವನ್ನು ಹಿಡಿದು ಕುಳಿತ ಹುಡುಗನಿಗೆ ಈ ಸಹಾಯವೆಲ್ಲಿಯದು? ಅವನಿಗೆ ದೊರೆತ ಒಂದೇ ಸಾಮಗ್ರಿಯೆಂದರೆ ಆ ಚಿತ್ರಗಳು, ಅವೂ ಕೈಕೊಟ್ಟುವು. ಗಾಳಿಯಂತ್ರದೊಡನೆ ಯುದ್ಧ ಮಾಡುವ ಕ್ವಿಕ್ಸಾಟನು ದೂರದವನು, ಯಾರ ಮನೆಗೂ ಸೇರದವನು. ಅವನನ್ನು ಕಂಡು ನಗಬಹುದು. ಆರ್ಪಗೋನನಾದರೋ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದನು.

ಇದು ಊಹೆಯಲ್ಲ, ಸ್ತಾಂಧಾಲನ ಸ್ವಂತ ಸಾಕ್ಷ್ಯವುಂಟು. 'ಆನ್ರಿ ಬ್ರ್ಯುಲಾರನ ಜೀವಿತ' ಎಂಬ ಹೆಸರಿನಲ್ಲಿ ಅವನು ೧೮೩೫-೩೬ರಲ್ಲಿ ತನ್ನ ಬಾಲ್ಯದ ಕಥೆಯನ್ನು ಬರೆದಿಟ್ಟನು. ಅದು ಅಚ್ಚಾದದ್ದು ಅವನು ತೀರಿಕೊಂಡು ಸುಮಾರು ಅರ್ಧಶತಮಾನ ಕಳೆದ ಮೇಲೆ, ೧೮೯೦ರಲ್ಲಿ. ಮೋಲಿಯೇರನು ತನ್ನ ಅಭಿಪ್ರಾಯವನ್ನು ತಿಳಿಸಲು ಉಪಯೋಗಿಸಿಕೊಂಡ ಗೃಹಕೃತ್ಯದ ಕ್ಷುದ್ರ ವಿವರಗಳು ತನ್ನ ದುಃಖಮಯವಾದ ಬಾಳನ್ನೇ ನೆನಪಿಗೆ ತರುತ್ತಿದ್ದುದರಿಂದ ಅವುಗಳಲ್ಲಿ ತನಗೆ ಹೇಸಿಕೆಯಾಯಿತೆಂದು ಅವನು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅಷ್ಟೇ ಅಲ್ಲ. ಅದನ್ನು ಬರೆಯುವುದಕ್ಕೆ ಮೂರು ದಿನಗಳ ಹಿಂದೆ, ೧೮೩೫ರ ಡಿಸೆಂಬರಿನಲ್ಲಿ, ಪರಿಚಿತರಾದ ಇಬ್ಬರು ಗೃಹಸ್ಥರು ಅರ್ಧ ಜಗಳವೂ ಅರ್ಧ ಮರೆಮಾಚುವಿಕೆಯೂ ಆದ ಸಣ್ಣದೊಂದು ಹಾಸ್ಯದೃಶ್ಯವನ್ನು ಆಡತೊಡಗಿದಾಗ, ಅದು ಕಿವಿಗೆ ಬೀಳದಿರಲೆಂದು ತಾನು ಹತ್ತು ಹೆಜ್ಜೆ ದೂರ ಸರಿದುಹೋದೆನೆಂದೂ, ಈ ಹೇಸಿಕೆಯಿಂದಾಗಿಯೇ ತನಗೆ ಲೋಕಾನುಭವ ಒದಗದೆ ಹೋಯಿತೆಂದೂ ಬರೆದಿದ್ದಾನೆ. ಆಗ ಅವನಿಗೆ ಐವತ್ತೆರಡು ವರ್ಷ ಕಳೆದಿತ್ತು. ಇಟಲಿಯ ಬಂದರೊಂದರಲ್ಲಿ ಫ್ರಾನ್ಸಿನ ಕಾನ್ಸಲ್ ಆಗಿದ್ದನು. ಹಾಸ್ಯನಾಟಕ ಬರೆಯಬೇಕೆಂದು ಯೌವನವನ್ನೆಲ್ಲ ಸವೆಸಿದವನು ತಾನಾಗಿ ಒದಗಿಬಂದ ಹಾಸ್ಯವಸ್ತುವಿಗೆ ಬೆನ್ನು ತಿರುಗಿಸಿ ನಡೆದನೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈ ನಡುವೆ ಮನೆಯ ಹೊರಗೆ ಮಹಾವಿಪ್ಲವ ನಡೆಯುತ್ತಿದ್ದಿತು. ಮನೆಯವರು ರಾಜಪಕ್ಷದವರು, ಆದುದರಿಂದಲೇ ಬಾಲಕನು ಪ್ರಜಾರಾಜ್ಯದ ಕಟ್ಟಾ ಅಭಿಮಾನಿಯಾದನು. ೧೭೯೩ರಲ್ಲಿ ಜನಪ್ರತಿನಿಧಿಗಳು ಬಂದು ತಂದೆಯ ಹೆಸರನ್ನು ಪ್ರಜಾರಾಜ್ಯದಲ್ಲಿ ಪ್ರೀತಿಯಿಲ್ಲದ ಸಂಶಯಾಸ್ಪದರ ಪಟ್ಟಿಯಲ್ಲಿ ಸೇರಿಸಿದಾಗ ಮನೆಯೆಲ್ಲ ಕಳವಳದಲ್ಲಿ ಮುಳುಗಿತು. ಹತ್ತು ವರ್ಷದ ಮಗನು ಮಾತ್ರ, ಪಟ್ಟಿ ಮಾಡಿದವರು ತಪ್ಪೇನನ್ನೂ ಹೇಳಲಿಲ್ಲ, ತಂದೆಗೆ ಪ್ರಜಾರಾಜ್ಯದಲ್ಲಿ ಪ್ರೀತಿಯಿಲ್ಲದಿರುವುದು ನಿಶ್ಚಯವೇ ಅಲ್ಲವೆ ಎಂಬರ್ಥದ ಮಾತನ್ನಾಡಿ ಎಲ್ಲರನ್ನೂ ಸ್ತಬ್ಧರನ್ನಾಗಿ ಮಾಡಿದನು. ಮೋಲಿಯೇರನ ಪಾತ್ರವೊಂದು ಬಾಯಿಬಿಟ್ಟಂತೆಯೇ ಇದೆ. ಆದರೆ ಆಡಿದವನಿಗೆ ಅದು ಹಾಸ್ಯವಾಗಿರಲಿಲ್ಲ, ಬರಿಯ ತರ್ಕವಾಗಿತ್ತು.

ಇನ್ನೊಂದು ಘಟನೆ ಇದಕ್ಕಿಂತ ಅರ್ಥವತ್ತಾದದ್ದು. ಊರಿನ ಹುಡುಗರದೊಂದು ಪಡೆ ಸಿದ್ಧವಾಗಿತ್ತು. ಅದಕ್ಕೆ 'ಆಶೆಯ ಪಡೆ' ಎಂದು ಹೆಸರು. ಅದು ಬೀದಿಯಲ್ಲಿ ಹೋಗುವುದನ್ನು ಕಿಟಕಿಯಿಂದ ನೋಡುವುದಷ್ಟೇ ಆನ್ರಿಗೆ ಲಭ್ಯ. ಒಂದು ದಿನ ಆ ಪಡೆಯ ಅಧಿಕಾರಿಯಾದ ಗಾರ್ದೋಂ ಎಂಬವನ ಹೆಸರಿನಲ್ಲಿ, ನಾಗರಿಕ ಗಾನ್ಯೋಂ ತನ್ನ ಮೊಮ್ಮಗನನ್ನು ಪಡೆಗೆ ಸೇರಿಸತಕ್ಕದ್ದೆಂಬ ಅಪ್ಪಣೆಯ ಚೀಟಿಯೊಂದು ಮನೆಗೆ ಬಂದಿತು. ಹಿರಿಯರು ಅಕ್ಷರವನ್ನು ಪರೀಕ್ಷಿಸಿದರು. ಚೀಟಿಯನ್ನು ಬರೆದವನು ಮೊಮ್ಮಗನೇ ಎಂಬುದು ಹೊರಪಟ್ಟಿತು. ಕಪಟಿಗಳ ಮನೆಯಿಂದ ತಪ್ಪಿಸಿಕೊಳ್ಳಲು ಹೊರಟವನು ಹಿಡಿದ ಮೊದಲನೆಯ ಆಯುಧವೂ ಕಪಟವೇ! ಸ್ತಾಂಧಾಲನು ಇದನ್ನು ಮರೆಮಾಡದೆ ಹೇಳಿಕೊಂಡಿದ್ದಾನೆ. ಮುಂದೆ ಅವನ ಕಾದಂಬರಿಯಲ್ಲಿ ಬರುವ ಕಥಾನಾಯಕನ ಮೊಳಕೆ ಈ ಚೀಟಿಯಲ್ಲಿದೆಯೆಂದರೆ ಸಲ್ಲುತ್ತದೆ.

೧೭೯೬ರಲ್ಲಿ ಗ್ರೆನೋಬ್ಲಿನಲ್ಲಿ 'ಕೇಂದ್ರಶಾಲೆ' ತೆರೆಯಿತು. ವಿಪ್ಲವದ ಸರಕಾರವು ಹಿಂದಿನ ವರ್ಷ ಮಾಡಿದ ಶಾಸನದಂತೆ ಜಿಲ್ಲೆಗೊಂದರಂತೆ ಸ್ಥಾಪಿತವಾದ ಈ ಶಾಲೆಗಳಲ್ಲಿ ಮತಬೋಧೆಗೆ ಎಡೆಯಿರಲಿಲ್ಲ. ಚಿತ್ರಲೇಖನ, ಪ್ರಾಚೀನ ಭಾಷೆಗಳು, ಗಣಿತ, ಪ್ರಕೃತಿಶಾಸ್ತ್ರ, ವ್ಯಾಕರಣ, ಸಾಹಿತ್ಯ ಇವೇ ಪಾಠಗಳು. ಊರಿನಲ್ಲಿ ಅದನ್ನು ಏರ್ಪಡಿಸಿದ ಸಮಿತಿಯಲ್ಲಿ ಅಜ್ಜ ಗಾನ್ಯೋಂ ಇದ್ದುದರಿಂದ ಮೊಮ್ಮಗನನ್ನು ಸೇರಿಸದೆ ಗತಿಯಿರಲಿಲ್ಲ. ಹದಿಮೂರು ವರ್ಷದ ಹುಡುಗನು ಮೊದಲನೆಯ ಸಲ ಸಮವಯಸ್ಕರ ನಡುವೆ ಕಾಲಿಟ್ಟನು. ಮುಂದಿನ ವರ್ಷದ ಆರಂಭದಲ್ಲಿ ಸೆರಾಫಿಯೂ ಕಾಲವಾದಳು.

ಸಾಹಿತ್ಯದ ಉಪಾಧ್ಯಾಯನು ದುಬ್ವಾ-ಫೋಂತನೆಲ್ ಎಂಬ ವೃದ್ಧ. ಈತನ ಹಿಂದಿನ ಕಥೆಯನ್ನು ಇಲ್ಲಿ ಹೇಳದೆ ಹೋಗುವುದು ಸರಿಯಲ್ಲ. ಮಠದಲ್ಲಿ ಬಲಾತ್ಕಾರವಾಗಿ ಸೇರಿಸಲ್ಪಟ್ಟ ಕನ್ಯೆಯರ ಪರವಾಗಿ, ರೋಮನ್ ಕಥೆಯೊಂದರ ಮರೆಯಲ್ಲಿ, ಅವನು ಹಿಂದೆ ಒಂದು ನಾಟಕವನ್ನು ಬರೆದಿದ್ದನು. ಅದು ನಿಷಿದ್ಧವಾಯಿತು. ೧೭೬೮ರಲ್ಲಿ ಅದರ ಪ್ರತಿಗಳನ್ನು ಮಾರಿದ ತಪ್ಪಿಗಾಗಿ ಬಡವರಿಬ್ಬರಿಗೆ ಹಡಗಿನ ಹುಟ್ಟು ಹಾಕುವ ಕಠಿಣ ಶಿಕ್ಷೆಯಾಯಿತು. ಬರೆದವನು ಉಳಿದನು, ಮಾರಿದವರು ಕೆಟ್ಟರು. ಇಂಥ ಉಪಾಧ್ಯಾಯನ ಬಾಯಿಂದ ನಾಟಕದ ಪಾಠವನ್ನು ಕೇಳಿದ ವಿದ್ಯಾರ್ಥಿಗೆ, ನಾಟಕವೆಂದರೆ ಹೊತ್ತು ಕಳೆಯುವ ವಿನೋದವಲ್ಲ, ಅದಕ್ಕೆ ಜನರು ದಂಡ ತೆರುವುದುಂಟು ಎಂಬ ತಿಳಿವಳಿಕೆ ಬಾರದಿರಲು ಸಾಧ್ಯವೆ?

ಆದರೆ ಆನ್ರಿಯು ಹಚ್ಚಿಕೊಂಡದ್ದು ಗಣಿತವನ್ನು. ಕಾರಣವು ವಿಚಿತ್ರವಾದದ್ದು. ಕಪಟವೆಂದರೆ ಅವನ ಪಾಲಿಗೆ ಚಿಕ್ಕಮ್ಮನೂ ಆಕೆಯ ಪಾದ್ರಿಗಳೂ. ಗಣಿತದಲ್ಲಿ ಕಪಟಕ್ಕೆ ಅವಕಾಶವಿಲ್ಲ. ಆದುದರಿಂದ ಗಣಿತವೇ ಶರಣು. ಹೀಗೆ ಭಕ್ತಿಯಿಂದ ಹೊರಟವನಿಗೆ ಋಣವನ್ನು ಋಣದಿಂದ ಗುಣಿಸಿದರೆ ಧನವಾಗುತ್ತದೆಂಬ ಸೂತ್ರವು ಅಡ್ಡಬಂದಿತು. ಎರಡು ಸಾಲಗಳನ್ನು ಗುಣಿಸಿದರೆ ಆಸ್ತಿ ಹೇಗಾದೀತು? ಉಪಾಧ್ಯಾಯರನ್ನು ಕೇಳಿದನು. ಒಬ್ಬನು ಪಾಠವನ್ನೇ ಪುನಃ ಒಪ್ಪಿಸಿದನು. ಮತ್ತೊಬ್ಬನು ಗಂಭೀರವಾಗಿ ಮುಗುಳ್ನಕ್ಕನು. ಗಣಿತವೂ ಸೆರಾಫಿಯ ಪೂಜೆಯಂತೆಯೇ ಒಂದು ವೇಷವಿರಬಹುದೆ ಎಂಬ ಭೀತಿ ಹುಡುಗನನ್ನು ಹಿಡಿಯಿತು. ಉಪಾಧ್ಯಾಯವೃತ್ತಿಯವರಿಗೆ ಇದು ಹಿತವಾದ ಕಥೆಯಲ್ಲ. ತಿಳಿಯದುದನ್ನು ತಿಳಿಯದೆಂದು ಹೇಳುವ ಬದಲು ಗಾಂಭೀರ್ಯದಿಂದ ಮುಚ್ಚುವ ಅಭ್ಯಾಸವು ಗ್ರೆನೋಬ್ಲಿನಲ್ಲಿ ಮಾತ್ರ ಇದ್ದುದಲ್ಲ. ಕೊನೆಗೆ ಗ್ರೋ ಎಂಬ ಬಡ ಗಣಿತಜ್ಞನ ಬಳಿ ಗುಟ್ಟಾಗಿ ಪಾಠ ಹೇಳಿಸಿಕೊಂಡು, ಬಹುಮಾನವನ್ನೂ ಪಡೆದು, ೧೭೯೯ರ ಅಕ್ಟೋಬರ್ ಕೊನೆಯಲ್ಲಿ ಪಾಲಿಟೆಕ್ನಿಕ್ ವಿದ್ಯಾಲಯದ ಪರೀಕ್ಷೆಗೆಂದು ಪ್ಯಾರಿಸಿಗೆ ಹೊರಟನು.

ಪರೀಕ್ಷೆಗೆ ಅವನು ಕೂರಲೇ ಇಲ್ಲ. ಪ್ಯಾರಿಸಿನಲ್ಲಿ ನೆಲಸಿ ಮೋಲಿಯೇರನಂತೆ ಹಾಸ್ಯನಾಟಕಗಳನ್ನು ಬರೆಯಬೇಕೆಂಬುದೇ ಅವನ ನಿಜವಾದ ಸಂಕಲ್ಪ. ನಾಲ್ಕಾರು ವರ್ಷಗಳ ಹಿಂದೆ ಯಾರ ಪುಸ್ತಕವನ್ನು ಜುಗುಪ್ಸೆಯಿಂದ ಮುಚ್ಚಿದನೋ ಅವನೇ ಈಗ ಗುರುವಾದನು. ಇದರಲ್ಲಿ ವಿರೋಧವಿಲ್ಲ. ಮನೆಯಿಂದ ನೂರಾರು ಮೈಲಿ ದೂರಕ್ಕೆ ಬಂದ ಮೇಲೆ ಮನೆಯವರನ್ನು ನೋಡಿ ನಗಬಹುದೆಂಬ ಧೈರ್ಯ ಬಂದಿತ್ತು. ನಾಟಕಶಾಲೆಗಳಿಗೆ ಎಡೆಬಿಡದೆ ಹೋದನು. ದ್ಯುಗಾಜೋಂ ಎಂಬ ಪ್ರಸಿದ್ಧ ಹಾಸ್ಯನಟನ ಬಳಿ ವಾಚನಾಭಿನಯವನ್ನು ಕಲಿತನು. ನಗುವೆಂದರೇನೆಂದು ತತ್ತ್ವಶಾಸ್ತ್ರಗಳನ್ನು ಓದಿ ಟಿಪ್ಪಣಿ ಮಾಡಿದನು. ತನ್ನ ಕಾಲದ ಪತ್ರಿಕಾಲೇಖಕನೊಬ್ಬನನ್ನು ಗುರಿಯಾಗಿಟ್ಟುಕೊಂಡು 'ಲತೆಲಿಯೇ' ಎಂಬ ನಾಟಕವನ್ನು ಆರಂಭಿಸಿ ವರ್ಷಗಟ್ಟಲೆ ತಿದ್ದಿದನು. ಮುಗಿಯಲಿಲ್ಲ. ಅದಕ್ಕೆ ಹಿಂದೆ ಹಿಡಿದದ್ದೂ ಮುಗಿದಿರಲಿಲ್ಲ. ೧೮೧೩ರಲ್ಲಿ ಮೋಲಿಯೇರನ ನಾಟಕಗಳನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ವ್ಯಾಖ್ಯಾನವನ್ನು ಬರೆದುಕೊಂಡನು. ಪರೀಕ್ಷೆಯೇ ಇಲ್ಲದ ವಿದ್ಯಾರ್ಥಿದೆಸೆ ಅದು.

ಇಲ್ಲಿ ಮೋಲಿಯೇರನ ಮತ್ತೊಂದು ನಾಟಕದ ಕಥೆ ಬರಬೇಕಾಗಿದೆ. 'ತಾರ್ತೂಫ್' ಎಂಬುದು ಅದರ ಹೆಸರು. ದೇವಾಲಯದಲ್ಲಿ ನಿಟ್ಟುಸಿರು ಬಿಡುತ್ತ ನೆಲಕ್ಕೆ ಹಣೆ ಮುಟ್ಟಿಸುತ್ತಿದ್ದ ತಾರ್ತೂಫನೆಂಬ ದರಿದ್ರನನ್ನು ಓರ್ಗೋನ್ ಎಂಬ ಶ್ರೀಮಂತನು ಮಹಾಭಕ್ತನೆಂದು ನಂಬಿ ಮನೆಗೆ ತಂದಿಟ್ಟುಕೊಳ್ಳುತ್ತಾನೆ. ಹೆಂಡತಿಗೆ ಜ್ವರವೆಂದರೆ ಅವನ ಕಿವಿಗೆ ಬೀಳದು. ಅತಿಥಿಯ ಕುಶಲವನ್ನು ಮಾತ್ರ ಮತ್ತೆ ಮತ್ತೆ ಕೇಳುತ್ತಾನೆ. ಮಗಳನ್ನು ಅವನಿಗೆ ಕೊಡುವೆನೆನ್ನುತ್ತಾನೆ. ಮಗನನ್ನು ಹೊರಗಟ್ಟಿ ಆಸ್ತಿಯನ್ನು ಅವನ ಹೆಸರಿಗೆ ಬರೆದುಕೊಡುತ್ತಾನೆ. ಆ ಭಕ್ತನ ಕಣ್ಣಾದರೋ ಮನೆಯ ಯಜಮಾನಿಯ ಮೇಲೆ. ಆಕೆಯ ಉಪಾಯದಿಂದ ಮೇಜಿನ ಕೆಳಗೆ ಅಡಗಿ ಓರ್ಗೋನನು ನಿಜವನ್ನು ತಿಳಿಯುವಷ್ಟರಲ್ಲಿ ಮನೆಯೇ ಕೈಬಿಟ್ಟಿರುತ್ತದೆ. ಕೊನೆಯಲ್ಲಿ ರಾಜನ ಅಧಿಕಾರಿಯು ಬಂದು ತಾರ್ತೂಫನನ್ನೇ ಸೆರೆಹಿಡಿಯುತ್ತಾನೆ. ೧೬೬೪ರ ಮೇ ೧೨ರಂದು ವರ್ಸೇಯಿನಲ್ಲಿ ಹದಿನಾಲ್ಕನೆಯ ಲೂಯಿಯ ಮುಂದೆ ಇದರ ಮೊದಲ ರೂಪವನ್ನು ಆಡಿದಾಗ ರಾಜನು ನಕ್ಕನು. ಆದರೂ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿದನು. ಮೋಲಿಯೇರನನ್ನು ಸುಡಬೇಕೆಂದು ಪಾದ್ರಿಯೊಬ್ಬನು ಬರೆದನು. ೧೬೬೭ರಲ್ಲಿ ಹೆಸರು ಬದಲಿಸಿ ಆಡಿದ ನಾಟಕವು ಒಂದೇ ದಿನದಲ್ಲಿ ನಿಂತಿತು. ಅದನ್ನು ನೋಡುವುದು ಹಾಗಿರಲಿ, ಓದಿದವರಿಗೂ ಬಹಿಷ್ಕಾರವೆಂದು ಪ್ಯಾರಿಸಿನ ಆರ್ಚ್‌ಬಿಷಪ್ಪನು ಸಾರಿದನು. ೧೬೬೯ರ ಫೆಬ್ರುವರಿ ೫ರಂದು, ಐದು ವರ್ಷಗಳ ಹೋರಾಟದ ತರುವಾಯ, ಅನುಮತಿ ದೊರೆಯಿತು.

ಈ ನಾಟಕವನ್ನು ೧೮೨೨ರ ಡಿಸೆಂಬರ್ ೪ರಂದು ಪ್ಯಾರಿಸಿನಲ್ಲಿ ಆಡಿದಾಗ ಸ್ತಾಂಧಾಲನು ಸಭೆಯಲ್ಲಿದ್ದನು. ಮಾರ್ಸ್ ಎಂಬ ಕೀರ್ತಿವಂತೆಯಾದ ನಟಿಯ ಅಭಿನಯ, ಚಪ್ಪಾಳೆಗೆ ಕೊರತೆಯಿರಲಿಲ್ಲ. ಅವನು ಕಿವಿಗೊಟ್ಟು ಎಣಿಸಿದ್ದು ಚಪ್ಪಾಳೆಯನ್ನಲ್ಲ, ನಗುವನ್ನು. ಐದು ಅಂಕಗಳಲ್ಲಿ ಜನರು ನಕ್ಕದ್ದು ಎರಡೇ ಸಲ. ಮಗಳೊಡನೆ ಮದುವೆಯ ಮಾತನ್ನಾಡುತ್ತಿರುವ ಓರ್ಗೋನನು, ದಾಸಿಯು ಹತ್ತಿರದಲ್ಲೇ ನಿಂತು ಕೇಳುತ್ತಿರುವುದನ್ನು ಕಂಡಾಗ ಒಮ್ಮೆ. ಪ್ರೇಮಿಗಳ ಪ್ರಣಯಕಲಹದಲ್ಲಿ ಆ ದಾಸಿಯೇ ಆಡುವ ಕುಚೋದ್ಯದ ಮಾತಿಗೆ ಇನ್ನೊಮ್ಮೆ. ತಾರ್ತೂಫನನ್ನು ಕಂಡು ಯಾರೂ ನಗಲಿಲ್ಲ! ಮರುವರ್ಷ ಪ್ರಕಟಿಸಿದ 'ರಸೀನ್ ಮತ್ತು ಷೇಕ್ಸ್‌ಪಿಯರ್' ಎಂಬ ಪುಸ್ತಕದಲ್ಲಿ ಅವನು ಇದನ್ನು ದಾಖಲೆಮಾಡಿ, ವಿಷಯವು ಭಾರವಾದಾಗ ನಗುವು ಹುಟ್ಟುವುದಿಲ್ಲ, ಕೋಪ ಹುಟ್ಟುತ್ತದೆಂದು ವಾದಿಸಿದನು. ಬಾಲಕನಾಗಿದ್ದಾಗ ತಾನೊಬ್ಬನೇ ಅನುಭವಿಸಿದ್ದನ್ನು ಅಂದು ಸಭೆಗೆ ಸಭೆಯೇ ಅನುಭವಿಸಿದಂತೆ ಅವನಿಗೆ ತೋರಿರಬೇಕು.

ಸಭೆಗೆ ಕಾರಣವೂ ಇತ್ತು. ನೆಪೋಲಿಯನನ ಪತನದ ತರುವಾಯ ಬೂರ್ಬೋನ್ ರಾಜರು ಹಿಂದಿರುಗಿದ್ದರು. ಅವರ ಹಿಂದೆ ಪಾದ್ರಿಗಳ ಪ್ರಾಬಲ್ಯವೂ ಹಿಂದಿರುಗಿತ್ತು. ಊರೂರುಗಳಲ್ಲಿ ಧರ್ಮಪ್ರಚಾರಕರು ಬೀಡುಬಿಟ್ಟು ಬಹಿರಂಗ ಪ್ರಾಯಶ್ಚಿತ್ತಗಳನ್ನು ನಡೆಸುತ್ತಿದ್ದರು. ೧೮೨೫ರಲ್ಲಿ ರೂಆಂ ನಗರದಲ್ಲಿಯೂ ೧೮೨೬ರಲ್ಲಿ ಬ್ರೆಸ್ತಿನಲ್ಲಿಯೂ ತರುಣರು ನಾಟಕಶಾಲೆಗೆ ನುಗ್ಗಿ, 'ತಾರ್ತೂಫ'ನನ್ನು ಆಡಿರೆಂದು ಕೂಗಿ ಗದ್ದಲವೆಬ್ಬಿಸಿದರು. ಅಗ್ಗದ ಬೆಲೆಯ ಸಣ್ಣ ಪ್ರತಿಗಳು ಕೈಯಿಂದ ಕೈಗೆ ಹೋದುವು. ನೂರೈವತ್ತು ವರ್ಷದ ಹಳೆಯ ಪ್ರಹಸನವು ಹೀಗೆ ಜಯಘೋಷವಾಗಿ ಪರಿಣಮಿಸಿತು.

ಸ್ತಾಂಧಾಲನು ಕೂಗಲಿಲ್ಲ. ೧೮೩೦ರಲ್ಲಿ 'ಕೆಂಪು ಮತ್ತು ಕಪ್ಪು' ಹೊರಬಂದಿತು. ಅದರ ನಾಯಕ ಜುಲಿಯೇಂ ಸೊರೆಲನು ಮರ ಕೊಯ್ಯುವವನ ಮಗ, ಮೇಧಾವಿ, ಬೈಬಲಿನ ಹೊಸ ಒಡಂಬಡಿಕೆಯನ್ನು ಲ್ಯಾಟಿನಿನಲ್ಲಿ ಕಂಠಪಾಠ ಮಾಡಿದವನು. ನೆಪೋಲಿಯನನ ಆರಾಧಕನಾದ ಇವನು ಆ ಚಿತ್ರಪಟವನ್ನು ಅಡಗಿಸಿಟ್ಟು ಪಾದ್ರಿಯ ವೇಷವನ್ನು ಹಿಡಿಯುತ್ತಾನೆ. ಏಕೆಂದರೆ ಬಡವನ ಮಗನು ಮೇಲಕ್ಕೇರಲು ಆ ಕಾಲದಲ್ಲಿ ಬೇರೆ ಏಣಿಯಿರಲಿಲ್ಲ. ಇವನಿಗೆ ತಾರ್ತೂಫನ ಪಾತ್ರವು ಬಾಯಿಪಾಠ; ಸಂಕಟ ಬಂದಾಗ ಆ ಮಾತುಗಳನ್ನೇ ಸ್ಮರಿಸುತ್ತಾನೆ; ಅವನೂ ಹೆಂಗಸಿನಿಂದಲೇ ಕೆಟ್ಟನೆಂದು ಎಚ್ಚರಿಕೆಯನ್ನೂ ಪಡೆಯುತ್ತಾನೆ. ಮೋಲಿಯೇರನು ಯಾವನನ್ನು ನೋಡಿ ಜನರು ನಗಬೇಕೆಂದು ಬರೆದನೋ ಅವನನ್ನು ಇಲ್ಲಿ ಒಬ್ಬ ವಿದ್ಯಾರ್ಥಿಯು ಪಠ್ಯಪುಸ್ತಕವಾಗಿ ಓದುತ್ತಾನೆ. ಬೆಜಾಂಸೋಂ ನಗರದ ಪಾದ್ರಿಗಳ ವಿದ್ಯಾಲಯದಲ್ಲಿ ಅ ಆ ಇ ಈ ಮೊದಲುಗೊಂಡು ಕಪಟವನ್ನು ಅಭ್ಯಾಸ ಮಾಡಬೇಕಾಗುತ್ತದೆ. ಬೇಯಿಸಿದ ಮೊಟ್ಟೆಯನ್ನು ತಿನ್ನುವುದರಲ್ಲಿಯೂ ಭಕ್ತಿಯ ಪ್ರಗತಿ ಕಾಣುವಂತೆ ತಿನ್ನುವ ಕ್ರಮವುಂಟು! ತಿಂಗಳುಗಟ್ಟಲೆ ಸಾಧನೆ ಮಾಡಿದರೂ ಜುಲಿಯೇಂನ ಮುಖದಿಂದ ಆಲೋಚಿಸುವವನ ಕಳೆ ಮಾಯವಾಗುವುದಿಲ್ಲ. ಅದೇ ಅವನ ಅಪರಾಧ.

ಪಂಚತಂತ್ರವನ್ನು ಬಲ್ಲವರಿಗೆ ಇಲ್ಲಿ ಒಂದು ವಿಷಯ ಹೊಳೆಯದಿರದು. ಎ. ಎನ್. ಮೂರ್ತಿರಾಯರು 'ತಾರ್ತೂಫ್' ನಾಟಕವನ್ನು ಕನ್ನಡಕ್ಕೆ ರೂಪಾಂತರಿಸಿದಾಗ ಅದಕ್ಕೆ 'ಆಷಾಢಭೂತಿ' ಎಂದು ಹೆಸರಿಟ್ಟರು. ಡಾಂಭಿಕನೆಂಬ ಅರ್ಥದಲ್ಲಿ ಆ ಶಬ್ದವು ಕನ್ನಡಿಗರ ಮನೆಮಾತಾಗಿರುವುದರಿಂದ ಹೆಸರು ಸಾರ್ಥಕವಾಗಿದೆ. ಆದರೆ ಮೂಲಕಥೆಯ ಆಷಾಢಭೂತಿಯು ಗುರುವಲ್ಲ, ಶಿಷ್ಯ. ದೇವಶರ್ಮನೆಂಬ ಸಂನ್ಯಾಸಿಯ ಕಂಥೆಯಲ್ಲಿದ್ದ ಹಣಕ್ಕಾಗಿ ಶಿಷ್ಯನ ವೇಷದಿಂದ ಬಂದು, ಉಪದೇಶ ಪಡೆದು, ಪಾದಸೇವೆ ಮಾಡಿ, ಸಮಯ ನೋಡಿ ಓಡಿಹೋದವನು. ಆ ಲೆಕ್ಕದಲ್ಲಿ ತಾರ್ತೂಫನಿಗಿಂತ ಜುಲಿಯೇಂನೇ ಆಷಾಢಭೂತಿಗೆ ಹತ್ತಿರದವನು. ಭೇದವೇನೆಂದರೆ, ಪಂಚತಂತ್ರದ ಕಥೆಯು ಕಳೆದುಕೊಂಡ ಸಂನ್ಯಾಸಿಯೊಡನೆ ಮುಂದುವರಿಯುತ್ತದೆ, ಓಡಿಹೋದ ಶಿಷ್ಯನ ಸುದ್ದಿಯನ್ನು ಎತ್ತುವುದಿಲ್ಲ. ಸ್ತಾಂಧಾಲನು ಓಡಿಹೋದವನ ಬೆನ್ನು ಹಿಡಿದು ಅವನ ಎದೆಯೊಳಗೆ ಏನಿತ್ತೆಂದು ನೋಡಿದನು. ನಾಟಕವನ್ನು ಬರೆಯಲಾರದವನು ಕಾದಂಬರಿಯಲ್ಲಿ ಗೆದ್ದುದರ ಕಾರಣವೂ ಇದರಲ್ಲಿಯೇ ಇದೆ. ಹಾಸ್ಯನಾಟಕಕ್ಕೆ ಕಪಟಿಯನ್ನು ಹೊರಗಿನಿಂದ ನೋಡುವ ಕಣ್ಣು ಸಾಕು, ಬೇಕಾದದ್ದೂ ಅದೇ. ಗಾರ್ದೋಂನ ಚೀಟಿಯನ್ನು ಬರೆದವನಿಗೆ ಆ ಕಣ್ಣು ಬರುವಂತಿರಲಿಲ್ಲ.

ಜುಲಿಯೇಂನ ಕಥೆಯು ನ್ಯಾಯಸ್ಥಾನದಲ್ಲಿ ಮುಗಿಯುತ್ತದೆ. ಹಿಂದೆ ತನ್ನನ್ನು ಪ್ರೀತಿಸಿದ್ದವಳ ಮೇಲೆ ಗುಂಡು ಹಾರಿಸಿದ ಅಪರಾಧ. ಆಕೆ ಬದುಕಿಕೊಂಡಿದ್ದಾಳೆ, ಅವನ ವಿಷಯದಲ್ಲಿ ಕನಿಕರವುಳ್ಳ ಜನರೂ ಇದ್ದಾರೆ. ಕಲಿತ ಪಾತ್ರವನ್ನು ಇನ್ನೊಂದು ಗಳಿಗೆ ಆಡಿದ್ದರೆ, ತಲೆ ತಗ್ಗಿಸಿ ಕಣ್ಣೀರು ಸುರಿಸಿದ್ದರೆ, ತಲೆ ಉಳಿಯುತ್ತಿತ್ತೋ ಏನೋ. ಅವನು ಎದ್ದು ನಿಂತು, ಪಂಚರ ಪೈಕಿ ತನ್ನಂಥ ಬಡವನೊಬ್ಬನೂ ಇಲ್ಲವೆಂದೂ, ಕೀಳು ಕುಲದಲ್ಲಿ ಹುಟ್ಟಿ ವಿದ್ಯೆ ಕಲಿತು ಶ್ರೀಮಂತರ ನಡುವೆ ಬೆರೆಯುವ ಸಾಹಸ ಮಾಡಿದ ತರುಣರನ್ನೆಲ್ಲ ತನ್ನೊಬ್ಬನಲ್ಲಿ ದಂಡಿಸಲಾಗುತ್ತಿದೆಯೆಂದೂ ನಿರ್ಭೀತನಾಗಿ ಹೇಳಿಬಿಡುತ್ತಾನೆ. ಪಂಚರು ಒಳಗೆ ಹೋಗಿ, ಮರಣದಂಡನೆಯ ತೀರ್ಮಾನದೊಡನೆ ಹೊರಗೆ ಬರುತ್ತಾರೆ. ಮೋಲಿಯೇರನ ನಾಟಕದಲ್ಲಿ ವೇಷ ಹಾಕಿದವನಿಗೆ ಶಿಕ್ಷೆಯಾಯಿತು, ಕೊಡಿಸಲು ರಾಜನ ಅಧಿಕಾರಿ ಬಂದನು. ಇಲ್ಲಿ ಶಿಕ್ಷೆಯಾದದ್ದು ವೇಷವನ್ನು ಕಳಚಿದ ದಿನ. ಯಾವ ಅಧಿಕಾರಿಯೂ ಬರಲಿಲ್ಲ.